ಬ್ಯಾಂಕಾಕಿನ ಹೊಲಿಗೆ

ಮಾಲೂರು, ಹೊರಡುವ ಮುಂಚೆ

ಮಾಲೂರಿನಲ್ಲಿ ಯಾರಾದರೂ ಬ್ಯಾಂಕಾಕಿಗೆ ಹೋಗಿ ಬಂದೆ ಅಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಯಾರ್ಯಾರು ಹೋಗಿದ್ದಿರಿ ಅಂತ ವಿಚಾರಿಸುತ್ತಾರೆ. ನಮ್ಮ ಕಡೆ ಅದು ಸೈಟು ವ್ಯಾಪಾರದವರು ಮನೆಯಲ್ಲಿ ತಿರುಪತಿ ಅಂತ ಹೇಳಿ, ಗುಂಪು ಕಟ್ಟಿಕೊಂಡು ಹೋಗಿ ಬರುವ ಊರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿದುಕೊಂಡಿರುವ ನನ್ನಂಥವಳು ಅಲ್ಲಿ ಎಂಟು ವಾರ ಇದ್ದು ಬಂದಳು ಅಂದರೆ ಏನು ತಿಳಿದುಕೊಂಡಾರು? ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾನು ಹೋದದ್ದು ಎದೆಯ ಆಪರೇಷನ್ನಿಗೆ. ನನ್ನದಲ್ಲ, ಅಕ್ಕನ ಮಗಳದು. ಬರೆಯೋದಾದರೆ ಬರಿ, ಹೆಸರು ಮಾತ್ರ ಬದಲಾಯಿಸು ಅಂತ ಅವಳು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಅವಳು ಭಾರತಿ.

ಭಾರತಿ ಕ್ಯಾಲನೂರಿನ ಹುಡುಗಿ. ಅವಳಿಗೆ ಬಲಗಡೆಯ ಎದೆ ಎಲ್ಲರ ಹಾಗೆ ಬೆಳೆಯಿತು, ಎಡಗಡೆಯದು ಹನ್ನೆರಡು ವರ್ಷದಲ್ಲಿ ಎಷ್ಟಿತ್ತೋ ಅಷ್ಟಕ್ಕೇ ನಿಂತಿತು. ಕಾಯಿಲೆ ಏನಲ್ಲ, ಹುಟ್ಟಿನಿಂದಲೇ ಕೆಲವರಿಗೆ ಹೀಗಿರುತ್ತದೆ ಅಂತ ಕೋಲಾರದಲ್ಲಿ ಡಾಕ್ಟರು ಹೇಳಿದ್ದರು. ಕಾಯಿಲೆ ಅಲ್ಲ ಅಂದುಬಿಟ್ಟರೆ ಮನೆಯವರಿಗೆ ಸಮಾಧಾನ, ಹುಡುಗಿಗೆ ಏನು ಸಮಾಧಾನ? ಅವಳ ರವಿಕೆಗಳನ್ನೆಲ್ಲ ನಾನೇ ಹೊಲಿಯುತ್ತಿದ್ದೆ. ಎಡಗಡೆಗೆ ಹತ್ತಿಯ ಮೆತ್ತೆ ಇಟ್ಟು, ಮೇಲೆ ಬಟ್ಟೆ ಮಡಿಸಿ ಡಾರ್ಟು ಹಿಡಿದು, ನೋಡಿದವರಿಗೆ ಗೊತ್ತಾಗದ ಹಾಗೆ ಮಾಡಿ ಕಳಿಸುತ್ತಿದ್ದೆ. ವೇಮಗಲ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿ ಯೂನಿಫಾರ್ಮು ಟೀ ಶರ್ಟು. ಅದಕ್ಕೆ ನನ್ನ ವಿದ್ಯೆ ನಡೆಯಲಿಲ್ಲ. ಎಂಥ ಬೇಸಿಗೆಯಲ್ಲೂ ಮೇಲೊಂದು ಏಪ್ರನ್ ಕಟ್ಟಿಕೊಂಡೇ ಓಡಾಡುತ್ತಿದ್ದಳು. ಇವಳಿಗೆ ಕೆಲಸದ ಮೇಲೆ ಎಷ್ಟು ಶ್ರದ್ಧೆ ಅಂತ ಮೇಲಿನವರು ಮೆಚ್ಚಿಕೊಂಡು ಒಂದು ವರ್ಷದ ಮಟ್ಟಿಗೆ ಥಾಯ್ಲೆಂಡಿನ ಅವರದೇ ಫ್ಯಾಕ್ಟರಿಗೆ ಕಳಿಸಿದರು.

ಅಲ್ಲಿಂದ ಒಂದು ದಿನ ಫೋನು ಮಾಡಿದಳು. ಡಾಕ್ಟರನ್ನು ನೋಡಿದೀನಿ, ಮಾಡಿಸ್ಕೋತೀನಿ, ನೀನು ಬರಬೇಕು ಅಂದಳು. ಬೆಂಗಳೂರಲ್ಲಿ ಇಲ್ಲವೇನೇ ಇಂಥ ಡಾಕ್ಟರು ಅಂತ ಕೇಳಿದೆ.

"ಇದ್ದಾರೆ ಚಿಕ್ಕಮ್ಮ. ಲಿಫ್ಟಲ್ಲಿ ಕ್ಯಾಲನೂರಿನವರೂ ಇರ್ತಾರೆ. ಏನಮ್ಮ ಇಲ್ಲಿ, ಯಾರಿಗೆ ಹುಷಾರಿಲ್ಲ ಅಂತಾರೆ. ಏನ್ ಹೇಳ್ಲಿ? ಇನ್ನೆರಡೂವರೆ ತಿಂಗಳಿಗೆ ವಾಪಸ್ ಕಳಿಸ್ತಾರೆ. ಇಲ್ಲಿ ಆಗ್ಲಿಲ್ಲ ಅಂದ್ರೆ ನನ್ ಕೈಲಿ ಇನ್ನೆಲ್ಲೂ ಆಗಲ್ಲ, ನನಗೆ ಗೊತ್ತು."

ಅಷ್ಟು ಕೇಳಿದ ಮೇಲೆ ಅಂಗಡಿಗೆ ಬೀಗ ಹಾಕಿದೆ.

ಚೋನ್‌ಬುರಿ

ಭಾರತಿ ಇದ್ದದ್ದು ಬ್ಯಾಂಕಾಕಿನಿಂದ ಎರಡು ಗಂಟೆ ದೂರದ ಚೋನ್‌ಬುರಿ ಕಡೆ, ಸಮುದ್ರದ ವಾಸನೆ ಬರುವ ಒಂದು ಫ್ಯಾಕ್ಟರಿ ಊರು. ವೇಮಗಲ್ಲಿಗೆ ಸಮುದ್ರ ತಂದು ಜೋಡಿಸಿದರೆ ಹೀಗೇ ಇರುತ್ತಿತ್ತೇನೋ. ಅದೇ ತಗಡಿನ ಶೆಡ್ಡುಗಳು, ಅದೇ ಶಿಫ್ಟು ಬಸ್ಸುಗಳು. ಒಂದೇ ವ್ಯತ್ಯಾಸ ಅಂದರೆ ಯಾರೂ ಹಾರನ್ ಹೊಡೆಯುವುದಿಲ್ಲ. ಮೊದಲ ದಿನ ರಸ್ತೆ ದಾಟುವಾಗ ಸದ್ದೇ ಇಲ್ಲದ ಗಾಡಿಗಳನ್ನು ನೋಡಿ ನನಗೇ ಕಿವಿ ಕೆಟ್ಟಿತೇನೋ ಅಂದುಕೊಂಡೆ.

ಪ್ರತಿ ಕಟ್ಟಡದ ಮುಂದೆ ಕಂಬದ ಮೇಲೊಂದು ಪುಟ್ಟ ಮನೆ, ಒಳಗೆ ಆ ಜಾಗದ ದೇವರು. ನಮ್ಮ ಮುನೇಶ್ವರನ ಹಾಗೆ ಹೊಲ ಕಾಯುವವನೇ ಇರಬೇಕು. ಅವನ ಮುಂದೆ ಕೆಂಪು ಫಾಂಟಾ ಬಾಟಲಿ ಇಟ್ಟು, ಮುಚ್ಚಳ ತೆಗೆದು, ಸ್ಟ್ರಾ ಬೇರೆ ಹಾಕಿರುತ್ತಾರೆ. ದೇವರಿಗೆ ಕುಡಿಯಲು ಕಷ್ಟವಾಗಬಾರದು ಅನ್ನುವ ಆ ಕಾಳಜಿಗೆ ನಾನು ಸೋತುಹೋದೆ.

ಇನ್ನೊಂದು ಅಭ್ಯಾಸ ನೋಡಿ ಮಾತ್ರ ನನಗೆ ತವರಿಗೆ ಬಂದ ಹಾಗಾಯಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ, ಎಲ್ಲೆಂದರಲ್ಲಿ ಜನ ಜೇಬಿನಿಂದ ಬೆರಳುದ್ದದ ಡಬ್ಬಿ ತೆಗೆದು ಮೂಗಿಗೆ ಇಟ್ಟು ಸೇದುತ್ತಾರೆ. ಓಹೋ, ಇವರೂ ನಶ್ಯದವರೇ ಅಂದುಕೊಂಡೆ. ನಮ್ಮ ಮನೆಯಲ್ಲಿ ಅದು ಮುಳಬಾಗಿಲಿನ ಅಜ್ಜಿಯಿಂದ ಬಂದದ್ದು. ನಾವು ಮೂಗಿಗೆ ಹಾಕುವವರಲ್ಲ. ಬೆಳಿಗ್ಗೆ, ಸಂಜೆ ಬೆರಳಿನಲ್ಲಿ ಒಂದು ಚಿಟಿಕೆ ತೆಗೆದು ಹಲ್ಲಿಗೆ, ಒಸಡಿಗೆ ಉಜ್ಜುವವರು. ಹಲ್ಲು ನೋವು ಅಂತ ಅತ್ತ ಮಗುವಿಗೆ ಅಜ್ಜಿ ಅದನ್ನೇ ಹಚ್ಚುತ್ತಿದ್ದಳು. ಭಾರತಿಗೂ ಹಾಗೆಯೇ ಅಂಟಿತ್ತು. ಥಾಯ್ಲೆಂಡಿನಲ್ಲಿ ಸಿಗದೆ ತಿಂಗಳುಗಟ್ಟಲೆ ಬಿಟ್ಟಿದ್ದವಳಿಗೆ ನಾನು ಹುರಿಗಡಲೆ ಪುಡಿಯ ಜೊತೆ ಮೂರು ಡಬ್ಬಿ ಕಟ್ಟಿಕೊಂಡು ಹೋಗಿದ್ದೆ. ನೋಡಿದ ಕೂಡಲೇ ಅವಳ ಮುಖ ಅರಳಿತು.

ಬ್ಯಾಂಕಾಕ್, ಅಳತೆಯ ದಿನ

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿಕೊಳ್ಳಲು ಬಂದ ನರ್ಸಿನ ಹೆಸರು ನೋಯ್. ಅವರ ಭಾಷೆಯಲ್ಲಿ ಪುಟ್ಟಿ ಅಂತ ಅರ್ಥವಂತೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಎದುರಿಗೆ ನಿಂತು, ಕೈ ಮುಗಿದು, ನಾನು ನೋಯ್ ಅಂದರೆ ನಮ್ಮಂಥವರಿಗೆ ಏನನ್ನಿಸಬೇಡ?

ಅಷ್ಟರಲ್ಲಿ ಮೇಜಿನ ಮೇಲಿನ ನೀರಿನ ಲೋಟ ನನ್ನ ಕೈ ತಾಗಿ ಉರುಳಿತು. ನೋಯ್ ನಗುತ್ತಾ "ಮೈ ಪೆನ್ ರೈ" ಅಂದಳು. ಮೈ ಅಂದರೆ ನಮ್ಮ ಮೈ, ಪೇನ್ ಅಂದರೆ ಇಂಗ್ಲಿಷಿನ ನೋವು. ಪಾಪ, ನಮಗಾಗಿ ಎರಡೂ ಭಾಷೆ ಸೇರಿಸಿ ಮೈ ನೋವಿದೆಯಾ ಅಂತ ಕೇಳುತ್ತಿದ್ದಾಳೆ ಅಂದುಕೊಂಡು, ಸ್ವಲ್ಪ ಸೊಂಟದಲ್ಲಿದೆ ಅಂತ ಬೆನ್ನು ಮುಟ್ಟಿ ತೋರಿಸಿದೆ. ಅವಳು ಗಾಬರಿಯಾಗಿ ಗಾಲಿ ಕುರ್ಚಿ ತಂದಳು. ಪರವಾಗಿಲ್ಲ ಬಿಡಿ ಅನ್ನುವುದಕ್ಕೆ ಅವರು ಹಾಗೆ ಹೇಳುತ್ತಾರೆ ಅಂತ ಭಾರತಿ ಬಿಡಿಸಿ ಹೇಳುವಷ್ಟರಲ್ಲಿ ನನ್ನನ್ನು ಅದರಲ್ಲಿ ಕೂರಿಸಿ ಡಾಕ್ಟರ ಕೋಣೆಗೆ ತಳ್ಳಿಕೊಂಡು ಹೋಗಿಯಾಗಿತ್ತು. ಡಾಕ್ಟರು ರೋಗಿ ಯಾರು ಅಂತ ಕೇಳಿದರು.

ಡಾಕ್ಟರು ಐವತ್ತರ ಆಸುಪಾಸಿನ ಸಣ್ಣ ಆಳಿನ ಹೆಂಗಸು. ನನ್ನನ್ನು "ಪಾ" ಅಂತ ಕರೆದರು, ದೊಡ್ಡಮ್ಮ ಅಂದ ಹಾಗೆ. ಊರಲ್ಲಿ ಚಿಕ್ಕಮ್ಮನಾಗಿದ್ದವಳು ನಾಲ್ಕು ಗಂಟೆ ವಿಮಾನದಲ್ಲಿ ಕೂತದ್ದಕ್ಕೆ ದೊಡ್ಡಮ್ಮನಾದೆ.

ಅವರ ಕೈ ಕೆಲಸಕ್ಕಿಂತ ಮುಂಚೆ ಅವರ ಅಳತೆಯೇ ನನಗೆ ಹಿಡಿಸಿತು. ಭಾರತಿಯನ್ನು ಮಲಗಿಸಲಿಲ್ಲ, ನೆಟ್ಟಗೆ ನಿಲ್ಲಿಸಿದರು. ಕತ್ತಿನ ಕುಳಿಯಿಂದ ಟೇಪು ಇಳಿಬಿಟ್ಟು ಎರಡೂ ಕಡೆ ನೋಡಿದರು. ಎದೆಯ ಬುಡ ಎಷ್ಟು ಅಗಲ ಅಂತ ಕವೆಯಂಥ ಒಂದು ಸಾಧನ ಹಿಡಿದು ಅಳೆದರು. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಷ್ಟು ದಪ್ಪ, ಎಷ್ಟು ಎಳೆಯುತ್ತೆ ಅಂತ ನೋಡಿದರು. ನಾನು ಬಟ್ಟೆ ಕತ್ತರಿಸುವ ಮುಂಚೆ ಎಳೆದು ನೋಡುತ್ತೇನಲ್ಲ, ಥೇಟ್ ಹಾಗೆ.

ಆಮೇಲೆ ಟ್ರೇಯಲ್ಲಿ, ಎದೆಯೊಳಗೆ ಇಡುವ ಸಿಲಿಕೋನಿನ ಮಾದರಿಗಳು ಬಂದವು. ಮೆತ್ತಗೆ, ಬೇಯಿಸಿದ ಸಬ್ಬಕ್ಕಿಯ ಉಂಡೆಯ ಹಾಗೆ. ಭಾರತಿ ದೊಡ್ಡದಕ್ಕೇ ಕೈ ಹಾಕಿದಳು. ಇಷ್ಟು ದೂರ ಬಂದಿದೀನಿ, ಎರಡೂ ಕಡೆ ಇದನ್ನೇ ಹಾಕಿಬಿಡಿ ಅಂದಳು. ಡಾಕ್ಟರು ಬೇಡ ಅನ್ನಲಿಲ್ಲ. ನನ್ನ ಕೆಲಸ ಏನು ಅಂತ ಮೊದಲೇ ಕೇಳಿ ತಿಳಿದುಕೊಂಡಿದ್ದರು. ಗಿರಾಕಿ ಹೆಗಲಿಗಿಂತ ಅಗಲದ ಕತ್ತು ಇಡಿ ಅಂದರೆ ನೀವು ಏನು ಮಾಡುತ್ತೀರಿ ಅಂತ ನನ್ನ ಕಡೆ ತಿರುಗಿದರು. ಜಗಳ ಮಾಡಲ್ಲ, ಹಾಗೇ ಹೊಲಿದಿರೋ ಹಳೇದೊಂದು ಹಾಕಿಸಿ, ಕೈ ಎತ್ತು, ಬಗ್ಗು ಅಂತೀನಿ, ಅವರಿಗೇ ತಿಳಿಯುತ್ತೆ ಅಂದೆ. ಭಾರತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಡಾಕ್ಟರು ಜೋರಾಗಿ ನಕ್ಕು, ಅದನ್ನೇ ಮಾಡಿಸಿದರು. ಬಿಗಿ ಬನಿಯನ್ನಿನ ಒಳಗೆ ದೊಡ್ಡ ಮಾದರಿ ಇಟ್ಟು ಕೈ ಎತ್ತು ಅಂದಾಗ ಅದರ ಅಂಚು ತಟ್ಟೆಯ ಕಂಠದ ಹಾಗೆ ಎದ್ದು ಕಂಡಿತು. ಸಣ್ಣದು ಇಟ್ಟಾಗ ಭಾರತಿ ಬಗ್ಗಿದರೂ ಎದ್ದರೂ ಭಾರತಿಯ ಹಾಗೇ ಕಂಡಳು. ಬುಡ ಎಷ್ಟು ಅಗಲವೋ ಅಷ್ಟಕ್ಕೇ ನಿಂತರೆ ಚರ್ಮಕ್ಕೆ ಭಾರವಿಲ್ಲ, ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಬಲಗಡೆಯದನ್ನು ನಾನು ಮುಟ್ಟುವುದೇ ಇಲ್ಲ ಅಂದರು. ಎಡಗಡೆಗೆ ಮಾತ್ರ, ಸಣ್ಣದು, ಅರ್ಧ ಭಾಗ ಎದೆಯ ಸ್ನಾಯುವಿನ ಕೆಳಗೆ.

ಕೆಟ್ಟದ್ದನ್ನೂ ಅವರೇ ಹೇಳಿದರು. ಎರಡೂ ಅಚ್ಚು ಒತ್ತಿದ ಹಾಗೆ ಒಂದೇ ಥರ ಬರುವುದಿಲ್ಲ. ಮಲಗಿದಾಗ ಸ್ವಲ್ಪ ಗೊತ್ತಾಗುತ್ತದೆ. ಸುತ್ತ ಗಟ್ಟಿಯಾಗಬಹುದು, ಒಳಗೇ ಒಡೆಯಬಹುದು, ಅದಕ್ಕೆ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಜೀವಮಾನಕ್ಕೆ ಅಂತ ನಂಬಬೇಡ, ಮುಂದೆಂದೋ ಬದಲಾಯಿಸಬೇಕಾದೀತು. ನಾನು ಮೂವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಈ ಬಟ್ಟೆ ಬಣ್ಣ ಬಿಡಬಹುದು ಅಂತ ಮುಂಚೆಯೇ ಹೇಳಿದವಳಲ್ಲ. ನಾಚಿಕೆಯಾಯಿತು.

ಬ್ಯಾಂಕಾಕ್, ಆಪರೇಷನ್ನಿನ ಹಿಂದಿನ ದಿನ

ನಾನು ಹೋಗಿ ಹನ್ನೊಂದು ದಿನವಾಗಿತ್ತು. ಮಾರನೆಯ ದಿನ ಬೆಳಿಗ್ಗೆ ಆಪರೇಷನ್. ರಕ್ತ ಪರೀಕ್ಷೆ, ಎದೆಯ ಚಿತ್ರ ಎಲ್ಲ ಮುಗಿದಿತ್ತು. ಭಾರತಿ ಒಳಗೆ ಯಾವುದೋ ಫಾರಂ ತುಂಬುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ನಾನು, ನೋಯ್. ಅವಳು ಜೇಬಿನಿಂದ ಮೂಗಿನ ಡಬ್ಬಿ ತೆಗೆದು ಸೇದಿ, ನನಗೂ ಕೊಟ್ಟಳು. ನಶ್ಯವಲ್ಲ, ಕರ್ಪೂರ, ಪುದೀನದ ಹಾಗೆ ತಣ್ಣನೆಯ ವಾಸನೆ. ಕೊಟ್ಟವರಿಗೆ ತಿರುಗಿ ಕೊಡದೆ ಇರುವುದು ನಮ್ಮಲ್ಲಿ ಉಂಟೇ? ನಾನೂ ಸೆರಗಿನ ಗಂಟಿನಿಂದ ನನ್ನ ಡಬ್ಬಿ ಬಿಚ್ಚಿದೆ.

ನೋಯ್ ಮೂಸಿದಳು. ಒಂದಾದ ಮೇಲೆ ಒಂದು ಏಳು ಸೀನು ಸೀನಿದಳು. ಕಣ್ಣು ಒರೆಸಿಕೊಂಡು, ನಗುತ್ತಲೇ ಡಬ್ಬಿಯ ಮೇಲಿದ್ದ ತೆಲುಗು ಅಕ್ಷರಕ್ಕೆ ತನ್ನ ಫೋನು ಹಿಡಿದಳು. ಫೋನು ಅವಳ ಭಾಷೆಯಲ್ಲಿ ಏನೋ ತೋರಿಸಿತು. ನಗು ನಿಂತಿತು. ಫೋನಿಗೆ ಮೆಲ್ಲಗೆ ಏನೋ ಹೇಳಿದಳು. ಅದು ವಾರ್ತೆ ಓದುವವರ ಧಾಟಿಯಲ್ಲಿ ಕನ್ನಡ ಮಾತಾಡಿತು: "ಈ ತಂಬಾಕನ್ನು ಯಾರು ಉಪಯೋಗಿಸುತ್ತಾರೆ?"

ತಂಬಾಕು ಅಲ್ಲಮ್ಮ, ಹಲ್ಲಿಗೆ ಹಚ್ಚೋದು ಅಂತ ಫೋನಿಗೇ ಹೇಳಿದೆ. ನಾನೂ ಹಚ್ಚುತ್ತೀನಿ, ಒಳಗಿದಾಳಲ್ಲ ಅವಳೂ ಹಚ್ಚುತ್ತಾಳೆ, ಇವತ್ತು ಬೆಳಿಗ್ಗೆಯೂ ಹಚ್ಚಿಕೊಂಡೇ ಬಂದಿದ್ದು ಅಂತ ಬೆರಳಿನಿಂದ ಹಲ್ಲು ಉಜ್ಜಿ ತೋರಿಸಿದೆ. ನೋಯ್ ಎದ್ದು ಡಾಕ್ಟರ ಕೋಣೆಗೆ ಹೋದಳು. ಓಡಲಿಲ್ಲ. ಆದರೆ ಚಪ್ಪಲಿ ಮೆಟ್ಟುವುದನ್ನು ಮರೆತಿದ್ದಳು.

ಡಾಕ್ಟರು ಭಾರತಿಯನ್ನು ಎದುರಿಗೆ ಕೂರಿಸಿಕೊಂಡು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಸಿಗರೇಟು, ತಂಬಾಕು ಇಲ್ಲ ಅಂತ ಬರೆದಿದ್ದೀಯಲ್ಲ ಅಂದರು. ಭಾರತಿಗೆ ಅವಮಾನವಾಯಿತು. ನಾನು ಸಿಗರೇಟು ಮುಟ್ಟಿದವಳಲ್ಲ, ಇದು ಹಲ್ಲುಪುಡಿ ಅಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ತಂಬಾಕು ಅಂದರೆ ಗಂಡಸರು ಸೇದುವುದು. ನಶ್ಯ ಬಚ್ಚಲ ಗೂಡಿನಲ್ಲಿ ಸೀಗೇಪುಡಿಯ ಪಕ್ಕ ಇರುವ ವಸ್ತು.

ಡಾಕ್ಟರು ಬೈಯಲಿಲ್ಲ. ಒಂದು ಕಾಗದದ ಮೇಲೆ ಸಣ್ಣ ಸಣ್ಣ ಗೆರೆ ಎಳೆದು, ಚರ್ಮಕ್ಕೆ ರಕ್ತ ತರುವ ನಾಳಗಳು ಇವು ಅಂದರು. ಈ ಪುಡಿಯಲ್ಲಿರುವುದು ಇವನ್ನು ಹಿಂಡುತ್ತದೆ. ನಾನು ಎಷ್ಟು ಚೆನ್ನಾಗಿ ಹೊಲಿದರೂ ಗಾಯ ಕೂಡದೆ ಬಿಟ್ಟುಕೊಳ್ಳಬಹುದು, ಚರ್ಮ ಸಾಯಬಹುದು, ಇಟ್ಟದ್ದನ್ನು ಮತ್ತೆ ತೆಗೆಯಬೇಕಾಗಬಹುದು. ನಾಲ್ಕು ವಾರ ಸಂಪೂರ್ಣ ಬಿಡಬೇಕು, ಪರೀಕ್ಷೆಯಲ್ಲಿ ಅದು ಕಾಣಬಾರದು, ಆಮೇಲೆ ಬಾ ಅಂದರು.

ಭಾರತಿ ಎಷ್ಟೋ ಕೇಳಿಕೊಂಡಳು. ರಜೆ ಮತ್ತೆ ಸಿಗುವುದಿಲ್ಲ, ಊರಿಗೆ ಹೋಗುವ ದಿನ ಹತ್ತಿರ ಬಂತು, ಬೇಕಾದರೆ ಏನೇ ಆದರೂ ನಾನೇ ಜವಾಬ್ದಾರಿ ಅಂತ ಬರೆದುಕೊಡುತ್ತೇನೆ ಅಂದಳು. ಡಾಕ್ಟರು ಇಂಗ್ಲಿಷಿನಲ್ಲಿ ನಿಧಾನವಾಗಿ, ನನಗೂ ಅರ್ಥವಾಗುವ ಹಾಗೆ ಹೇಳಿದರು: "ನೀನು ಬರೆದುಕೊಟ್ಟರೆ ನನಗೆ ರಕ್ಷಣೆ. ನಿನ್ನ ಚರ್ಮಕ್ಕೆ ಓದು ಬರುವುದಿಲ್ಲ."

ಆಮೇಲೆ ನನಗೆ ಕೈ ಮುಗಿದರು. ಪಾ ಹೇಳದಿದ್ದರೆ ನಾನು ನಾಳೆ ತಪ್ಪು ಮಾಡುತ್ತಿದ್ದೆ ಅಂದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಡಬ್ಬಿ ತಂದು ಕೊಟ್ಟವಳೂ ನಾನೇ ಅಲ್ಲವೇ.

ಟ್ಯಾಕ್ಸಿಯಲ್ಲಿ ನಾನು ಏನೋ ಸಮಾಧಾನ ಹೇಳಲು ಬಾಯಿ ತೆಗೆದೆ. ಭಾರತಿಗೆ ಕೋಪ ಬಂದರೆ ನಮ್ಮ ತವರಿನ ಶ್ರೀನಿವಾಸಪುರದ ತೆಲುಗು ಬರುತ್ತದೆ. "ಊರ್ಕೆ ಉಂಡು ಚಿಕ್ಕಮ್ಮ" ಅಂದು ಕಿಟಕಿಯ ಕಡೆ ತಿರುಗಿದಳು. ಸುಮ್ಮನಿರು ಅಂತ ಅರ್ಥ. ಚೋನ್‌ಬುರಿ ಬರುವವರೆಗೆ ಎರಡು ಗಂಟೆ ಅವಳ ಬೆನ್ನು ನೋಡಿಕೊಂಡೇ ಕೂತಿದ್ದೆ.

ಚೋನ್‌ಬುರಿ, ನಾಲ್ಕು ವಾರ

ಮೂರು ಡಬ್ಬಿಯನ್ನೂ ಕಕ್ಕಸಿಗೆ ಸುರಿದೆ. ಅವಳೊಬ್ಬಳೇ ಬಿಡುವುದು ಯಾವ ನ್ಯಾಯ, ನಾನೂ ಬಿಟ್ಟೆ. ಮತ್ತೆ ಅಂಟಿದ ಹನ್ನೊಂದು ದಿನದ ಚಟ ಅವಳದು, ನಲವತ್ತು ವರ್ಷದ್ದು ನನ್ನದು. ಮೊದಲ ವಾರ ನನಗೆ ತಲೆ ಸಿಡಿಯುತ್ತಿತ್ತು, ಅನ್ನದ ಕುಕ್ಕರಿನ ಮೇಲೂ ಸಿಟ್ಟು ಬರುತ್ತಿತ್ತು. ಒಂದು ದಿನ ಅಂಗಡಿಯ ಗಾಜಿನ ಬಾಗಿಲು ತಳ್ಳಿದರೆ ತೆಗೆಯಲಿಲ್ಲ ಅಂತ ಅದಕ್ಕೆ ಕನ್ನಡದಲ್ಲಿ ಬೈದೆ. ಒಳಗಿದ್ದ ಹೆಂಗಸು ಬಂದು, ಕೈ ಮುಗಿದು, ಪಕ್ಕಕ್ಕೆ ಸರಿಸಿ ತೆಗೆದಳು. ನಾನಾಗಿದ್ದರೆ ತಿರುಗಿ ಬೈಯುತ್ತಿದ್ದೆ. ಆ ದೇಶದಲ್ಲಿ ನಾನು ಕಲಿತದ್ದರಲ್ಲಿ ಇದೂ ಒಂದು, ಎದುರಿನವರ ಸಿಟ್ಟನ್ನು ಕೈಗೆ ತೆಗೆದುಕೊಳ್ಳದೆ ಕೆಳಗೆ ಬೀಳಲು ಬಿಡುವುದು.

ಭಾರತಿ ನಾಲ್ಕು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಅವಳಿಗಿದ್ದ ದೊಡ್ಡ ಭಯ ರಜೆಯದು. ಮೇಲಧಿಕಾರಿಯನ್ನು ಮತ್ತೆ ಕೇಳಬೇಕು, ಏಕೆ ಅಂದರೆ ಏನು ಹೇಳಬೇಕು? ಐದನೆಯ ದಿನ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು.

"ಕೇಳ್ದೆ ಚಿಕ್ಕಮ್ಮ. ಆಸ್ಪತ್ರೆ ಡೇಟು ಮುಂದಕ್ಕೆ ಹೋಯ್ತು ಅಂದೆ. ಯಾವ ಆಸ್ಪತ್ರೆ, ಏನು ಕಾಯಿಲೆ, ಒಂದ್ ಮಾತೂ ಕೇಳ್ಲಿಲ್ಲ ಆ ಮನುಷ್ಯ. ಮೈ ಪೆನ್ ರೈ ಅಂದ್ಬಿಟ್ಟು ಬೋರ್ಡಲ್ಲಿ ನನ್ ಹೆಸರು ಅಳಿಸಿ ಮುಂದಿನ ತಿಂಗಳಿಗೆ ಬರ್ಕೊಂಡ."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ನಾನು ಕೆಳಗಿಳಿದು ಹೋಗಿ ಆ ಕಂಬದ ಮೇಲಿನ ದೇವರಿಗೆ ಒಂದು ಕೆಂಪು ಫಾಂಟಾ ಇಟ್ಟು ಬಂದೆ. ಸ್ಟ್ರಾ ಹಾಕುವುದನ್ನು ಮರೆಯಲಿಲ್ಲ.

ಬ್ಯಾಂಕಾಕ್, ಹೊಲಿಗೆಯ ದಿನ

ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಫಲಿತಾಂಶವನ್ನು ನೋಯ್ ಎರಡೂ ಕೈಯಲ್ಲಿ ಹಿಡಿದು ತಂದಳು, ಪ್ರಸಾದ ತರುವ ಹಾಗೆ.

ಡಾಕ್ಟರು ಭಾರತಿಯನ್ನು ಮತ್ತೆ ನಿಲ್ಲಿಸಿ, ನೇರಳೆ ಪೆನ್ನಿನಲ್ಲಿ ಗುರುತು ಹಾಕಿದರು. ಎದೆಯ ಕೆಳಗೆ ಮಡಿಕೆ ಬೀಳುವ ಕಡೆ ಒಂದು ಗೆರೆ, ಅಲ್ಲೇ ಹೊಲಿಗೆ ಅಡಗುವುದು. ದೂರ ನಿಂತು ನೋಡಿದರು, ಹತ್ತಿರ ಬಂದು ಅಳಿಸಿ ಒಂದೆಳೆ ಕೆಳಗೆ ಎಳೆದರು. ಮತ್ತೆ ದೂರ ನಿಂತರು. ಆ ಒಂದೆಳೆಗಾಗಿ ಅವರು ನಿಂತ ಹೊತ್ತು ನೋಡಿ ನನ್ನ ಭಯವೆಲ್ಲ ಹೋಯಿತು. ಇವರು ನನ್ನ ಜಾತಿಯವರು ಅನ್ನಿಸಿತು, ಕತ್ತರಿಯವರು.

ಒಳಗೆ ಒಂದೂವರೆ ಗಂಟೆ. ನೋಯ್ ಮೂರು ಸಲ ಹೊರಗೆ ಬಂದು ಬರೀ ಹೆಬ್ಬೆರಳು ತೋರಿಸಿ ಹೋದಳು.

ಒಂದು ವಾರಕ್ಕೆ ಪಟ್ಟಿ ಬಿಚ್ಚಿದಾಗ ಭಾರತಿ ಕನ್ನಡಿ ನೋಡಿ ನನ್ನ ಕೈ ಹಿಡಿದುಕೊಂಡಳು. ಎಡಗಡೆಯದು ಊದಿಕೊಂಡು, ಬಿಗಿಯಾಗಿ, ಮೇಲಕ್ಕೆ ಏರಿ ಕೂತಿತ್ತು. ಇದೇನು ಕತ್ತಿಗೇ ಬಂದಿದೆಯಲ್ಲ ಅಂದಳು. ಡಾಕ್ಟರು ಹೀಗೇ ಇರಬೇಕು ಈಗ, ಇನ್ನು ಕೆಲವು ವಾರಗಳಲ್ಲಿ ಇಳಿದು ಕೂರುತ್ತದೆ, ಅಲ್ಲಿವರೆಗೆ ಭಾರ ಎತ್ತಬೇಡ, ಕನ್ನಡಿಯ ಮುಂದೆ ದಿನಾ ನಿಲ್ಲಬೇಡ ಅಂದರು. ನನಗೆ ಅರ್ಥವಾಯಿತು. ಖಾದಿ ಹೊಲಿದು ಕೊಟ್ಟಾಗ ನಾನೂ ಎರಡು ಒಗೆತ ಆಗಲಿ ಅಮ್ಮ ಅನ್ನುತ್ತೇನೆ. ಒಳಗಿಟ್ಟದ್ದರ ಹೆಸರು, ಅಳತೆ ಬರೆದ ಕಾರ್ಡೊಂದನ್ನು ಭಾರತಿಯ ಕೈಗೆ ಕೊಟ್ಟು, ಯಾವ ಊರಿನ ಡಾಕ್ಟರಿಗೆ ತೋರಿಸಿದರೂ ಇದನ್ನು ಮೊದಲು ತೋರಿಸು ಅಂದರು.

ಇನ್ನೂ ಒಂದು ವಾರಕ್ಕೆ ಭಾರತಿ ಕೂತು ಮಾಡುವ ಕೆಲಸಕ್ಕೆ ಹೋದಳು. ಏಪ್ರನ್ ಮನೆಯಲ್ಲೇ ಬಿಟ್ಟಿದ್ದಳು. ಸಂಜೆವರೆಗೂ ನನಗೆ ಕಾಲು ನಿಲ್ಲಲಿಲ್ಲ. ಬಂದವಳನ್ನು ಯಾರಾದರೂ ಏನಾದರೂ ಅಂದರೇನೇ ಅಂತ ಕೇಳಿದೆ.

"ಪಕ್ಕದ ಟೇಬಲ್ ಹುಡುಗಿ ದಿಟ್ಟಿಸಿ ನೋಡಿದ್ಲು ಚಿಕ್ಕಮ್ಮ. ಆಮೇಲೆ, ಕೂದ್ಲು ಕತ್ತರಿಸಿದ್ಯಾ, ಏನೋ ಬೇರೆ ಕಾಣ್ತೀಯ ಅಂದ್ಲು. ಹೂಂ ಅಂದೆ."

ಏನೋ ಬೇರೆ, ಏನು ಅಂತ ಗೊತ್ತಾಗಲಿಲ್ಲ. ಡಾಕ್ಟರಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, ನನಗೆ ಇಷ್ಟು ದೊಡ್ಡ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ ಅಂದರಂತೆ.

ವಿಮಾನ ನಿಲ್ದಾಣ

ನಾನು ಹೊರಡುವ ದಿನ ಭಾರತಿ ಬ್ಯಾಂಕಾಕಿನವರೆಗೂ ಬಂದಳು. ಪೆಟ್ಟಿಗೆ ಎತ್ತಬೇಡ ಅಂತ ದಾರಿಯುದ್ದಕ್ಕೂ ಗದರಿದೆ. ಒಳಗೆ ಹೋಗುವ ಗೇಟಿನ ಹತ್ತಿರ ನಾನು ಅಭ್ಯಾಸದಂತೆ ಅವಳ ತಲೆ ಸವರಿ ಹೊರಟೆ. ಅವಳು ನನ್ನನ್ನು ತಡೆದು, ಎದುರಿಗೆ ಬಂದು ನಿಂತು, ಎರಡೂ ಕೈಯಿಂದ ತಬ್ಬಿಕೊಂಡಳು.

ಆ ಕ್ಷಣದಲ್ಲಿ ನನಗೆ ಹೊಳೆಯಿತು. ದೊಡ್ಡವಳಾದ ಮೇಲೆ ಈ ಹುಡುಗಿ ಯಾರನ್ನೂ ಎದುರಿಗೆ ತಬ್ಬಿದ್ದೇ ಇಲ್ಲ. ಹಬ್ಬ, ಮದುವೆ, ಸಾವು, ಯಾವುದರಲ್ಲೂ ಓರೆಯಾಗಿ ಬಂದು, ಬಲ ಹೆಗಲು ಕೊಟ್ಟು, ಸರಿದುಹೋಗುತ್ತಿದ್ದಳು. ಇವಳಿಗೆ ಸಲಿಗೆ ಕಮ್ಮಿ ಅಂತ ನಾವೆಲ್ಲ ಮಾತಾಡಿಕೊಂಡಿದ್ದೆವು. ಅವಳ ಮೈಯ ಅಳತೆ ಎಲ್ಲ ಬರೆದಿಟ್ಟುಕೊಂಡಿದ್ದ ನಾನೂ ಹಾಗೇ ಅಂದುಕೊಂಡಿದ್ದೆ.

"ಮೆಲ್ಲಗೆ ಕಣೇ," ಅಂದೆ, "ಹೊಲಿಗೆ ಬಿಟ್ಕೊಂಡೀತು."

"ಬಿಡಲ್ಲ ಸುಮ್ನಿರು ಚಿಕ್ಕಮ್ಮ," ಅಂದಳು ನನ್ನ ಹೆಗಲ ಮೇಲಿಂದ. "ಅವರು ನಿನಗಿಂತ ಚೆನ್ನಾಗಿ ಹೊಲೀತಾರೆ."

ಮೂವತ್ತು ವರ್ಷದಲ್ಲಿ ಯಾರಾದರೂ ಈ ಮಾತು ಅಂದಿದ್ದರೆ ನಾನು ಬಿಡುತ್ತಿರಲಿಲ್ಲ. ಅವತ್ತು ಹೌದು ಕಣೇ ಅಂದೆ.